ಗೊತ್ತಿಲ್ಲದವನ ಅಮಾನತು

ನಮ್ಮ ಮನೆಯಲ್ಲಿರುವುದು ಹದಿಮೂರು ವರ್ಷ ಹಳೆಯ ಒಂದು ಸಣ್ಣ ಕಾರು. ಮೂರು ಸಿಲಿಂಡರ್‌ನ ಪುಟ್ಟ ಎಂಜಿನ್. ಮನೆಯವರನ್ನು ಆಸ್ಪತ್ರೆಗೆ, ಮದುವೆಗೆ, ಊರಿಗೆ ಕರೆದೊಯ್ಯುತ್ತ ತನ್ನ ಪಾಡಿಗೆ ತಾನು ಓಡಿಕೊಂಡಿತ್ತು. ಒಂದು ಮಳೆಗಾಲದ ಬೆಳಿಗ್ಗೆ ಫಜ್ರ್ ನಮಾಝ್ ಮುಗಿಸಿ ಬಂದು ಸ್ಟಾರ್ಟ್ ಮಾಡಿದರೆ ಬಾನೆಟ್ ಒಳಗಿಂದ 'ಟಕ್ ಟಕ್ ಟಕ್' ಎಂಬ ಸದ್ದು. ಯಾರೋ ಒಳಗೆ ಕುಳಿತು ಸಣ್ಣ ಸುತ್ತಿಗೆಯಿಂದ ತಗಡು ಬಡಿಯುತ್ತಿರುವಂತೆ. ರೇಸ್ ಕೊಟ್ಟರೆ ಬಡಿತವೂ ಚುರುಕಾಗುತ್ತಿತ್ತು. ನಾಲ್ಕೈದು ಕಿಲೋಮೀಟರ್ ಓಡಿದ ಮೇಲೆ ಕೊಂಚ ಕಡಿಮೆಯಾಗುತ್ತಿತ್ತು. ಮರುದಿನ ಬೆಳಿಗ್ಗೆ ಮತ್ತೆ ಅದೇ ಟಕ್ ಟಕ್.

ಗಾಜಿನ ಬಾಗಿಲು, ಸಮವಸ್ತ್ರದ ನೌಕರರು, ಕಾಯುವವರಿಗೆ ಸೋಫಾ ಇದ್ದ ಒಂದು ದೊಡ್ಡ ವರ್ಕ್‌ಶಾಪ್‌ಗೆ ಕಾರನ್ನು ಒಯ್ದೆ. ಸಂಜೆ ಒಬ್ಬ ಯುವಕ ಕಾಗದವೊಂದನ್ನು ಮುಂದಿಟ್ಟು, "ಎಂಜಿನ್ ಒಳಗೇ ತೊಂದರೆ ಇದೆ ಸರ್, ಬಿಚ್ಚಬೇಕು" ಎಂದ. ಅಂದಾಜು ಖರ್ಚು 38 ಸಾವಿರ ರೂಪಾಯಿ. ಎರಡನೇ ಸಿಲಿಂಡರ್‌ನ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿದೆಯಂತೆ. ನಾನು ತಲೆಯಾಡಿಸಿದೆ. ಕನೆಕ್ಟಿಂಗ್ ರಾಡ್ ಎಲ್ಲಿರುತ್ತದೆ, ಅದರ ಬೇರಿಂಗ್ ಸವೆದರೆ ಹೇಗೆ ಸದ್ದಾಗುತ್ತದೆ, ಅದು ಸವೆದಿದೆಯೆಂದು ಇವರಿಗೆ ಹೇಗೆ ಗೊತ್ತಾಯಿತು, ಇವೊಂದೂ ನನಗೆ ತಿಳಿದಿರಲಿಲ್ಲ. ಕೇಳಿದರೆ ದಡ್ಡನೆಂದು ತಿಳಿದಾರು ಎಂಬ ಸಂಕೋಚ ಬೇರೆ. "ಯೋಚನೆ ಮಾಡಿ ಹೇಳುತ್ತೇನೆ" ಎಂದು ಹೊರಬಂದೆ. ಯೋಚನೆ ಮಾಡಲು ನನ್ನಲ್ಲಿ ಏನೂ ಇರಲಿಲ್ಲ ಎಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು.

ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ಇಪ್ಪತ್ತು ವರ್ಷ ದುಡಿದ ಪರಿಚಯದವರೊಬ್ಬರು ಈ ಕತೆ ಕೇಳಿ, "ಬಾಗಲಗುಂಟೆಯಲ್ಲಿ ಒಬ್ಬನಿದ್ದಾನೆ, ಅವನ ಕಿವಿಗೆ ಒಂದು ಸಲ ಕೇಳಿಸಿ ನೋಡಿ" ಎಂದರು. 'ಅವನಿಗೆ ತೋರಿಸಿ' ಎನ್ನಲಿಲ್ಲ, 'ಅವನ ಕಿವಿಗೆ ಕೇಳಿಸಿ' ಎಂದರು. ಅವರಂಥವರಿಗೆ ಇದು ಸಹಜವಾದ ಮಾತು. ಲೇತ್ ಮೇಲೆ ಉಕ್ಕಿನ ಸರಳು ಸುತ್ತುತ್ತಿರುವಾಗ ಉಳಿ ಮೊಂಡಾಯಿತೆಂದು ಅವರಿಗೆ ಮೊದಲು ತಿಳಿಸುವುದು ಕಿವಿ, ಆಮೇಲೆ ಕಣ್ಣು. ಪೀಣ್ಯ, ಜಾಲಹಳ್ಳಿ, ದಾಸರಹಳ್ಳಿಗಳ ಸುತ್ತ ಇಂಥ ಕಿವಿಗಳು ಸಾವಿರಾರಿವೆ. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಶುರುವಾದಾಗಿನಿಂದ, ಆಮೇಲೆ ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆದಾಗಿನಿಂದ, ಈ ಭಾಗದ ಎಷ್ಟೋ ಮನೆಗಳ ಅನ್ನ ಬಂದಿರುವುದು ಯಂತ್ರದ ಸದ್ದನ್ನು ಗುರುತಿಸುವ ಕಿವಿಯಿಂದಲೇ. ಆ ಕಿವಿಗೆ ಯಾವ ವಿಶ್ವವಿದ್ಯಾಲಯವೂ ಪದವಿ ಕೊಟ್ಟಿಲ್ಲ.

ತುಮಕೂರು ರಸ್ತೆಯ ಎಂಟನೇ ಮೈಲಿಯಲ್ಲಿ ತಿರುಗಿ ಹೆಸರಘಟ್ಟ ರಸ್ತೆ ಹಿಡಿದರೆ ಬಾಗಲಗುಂಟೆ. ಆ ಗ್ಯಾರೇಜು ಒಂದು ತಗಡಿನ ಶೆಡ್ಡು. ಎಣ್ಣೆ ಕುಡಿದು ಕಪ್ಪಾದ ನೆಲ, ಮೂಲೆಯಲ್ಲಿ ಹಳೆಯ ಟಯರುಗಳು, ಗೋಡೆಯ ಮೇಲೆ ಶಿವಕುಮಾರ ಸ್ವಾಮಿಗಳ ಚಿತ್ರವಿದ್ದ ಕ್ಯಾಲೆಂಡರ್. ಮೆಕ್ಯಾನಿಕ್ ತುಮಕೂರು ಕಡೆಯವನು. ಶಿವಾಜಿನಗರದಲ್ಲಿ ಒಬ್ಬ ಉಸ್ತಾದರ ಕೈಕೆಳಗೆ ಆರು ವರ್ಷ ಕೆಲಸ ಕಲಿತವನಂತೆ. ಇವತ್ತಿಗೂ ಅವರನ್ನು 'ಉಸ್ತಾದ್' ಎಂದೇ ಕರೆಯುತ್ತಾನೆ.

ನಾನು ವರ್ಕ್‌ಶಾಪ್‌ನ ಕಾಗದ ತೋರಿಸಲು ಹೋದೆ. ಅವನು ಅದನ್ನು ನೋಡಲಿಲ್ಲ. "ಬೆಳಿಗ್ಗೆ ಜಾಸ್ತಿನಾ ಸಾರ್, ಓಡ್ತಾ ಓಡ್ತಾ ಜಾಸ್ತಿ ಆಗುತ್ತಾ?" ಎಂದು ಕೇಳಿದ. ಬೆಳಿಗ್ಗೆಯೇ ಹೆಚ್ಚು ಎಂದೆ. ಸ್ಟಾರ್ಟ್ ಮಾಡಿಸಿ ಕೇಳಿದ. ಕಾರು ಓಡಿ ಬಂದಿದ್ದರಿಂದ ಎಂಜಿನ್ ಬಿಸಿಯಾಗಿತ್ತು, ಸದ್ದು ಸಣ್ಣಗಿತ್ತು. "ಈಗ ಗೊತ್ತಾಗಲ್ಲ ಸಾರ್. ಬಿಟ್ಟು ಹೋಗಿ. ನಾಳೆ ತಣ್ಣಗಿರುವಾಗ ಕೇಳಿ ಹೇಳ್ತೀನಿ" ಎಂದ.

'ಗೊತ್ತಾಗಲ್ಲ' ಎಂಬ ಮಾತು ನನಗೆ ಆಗ ಅಷ್ಟು ಹಿಡಿಸಲಿಲ್ಲ. ಆ ಗಾಜಿನ ಬಾಗಿಲಿನವರು ಅರ್ಧ ದಿನದಲ್ಲಿ ಹೇಳಿಬಿಟ್ಟಿದ್ದರಲ್ಲ!

ಮರುದಿನ ಬೆಳಿಗ್ಗೆ ಏಳಕ್ಕೆಲ್ಲ ಹೋಗಿ ಪಕ್ಕದಲ್ಲೇ ನಿಂತೆ. ಮೊದಲು ಫ್ಯಾನ್ ಬೆಲ್ಟ್ ಕಳಚಿ ಒಂದೇ ನಿಮಿಷ ಎಂಜಿನ್ ಓಡಿಸಿದ. ಸದ್ದು ಹಾಗೆಯೇ ಇತ್ತು. ಅಂದರೆ ಆ ಬೆಲ್ಟಿನಿಂದ ತಿರುಗುವ ಡೈನಮೋ, ನೀರಿನ ಪಂಪುಗಳ ಮೇಲಿನ ಅನುಮಾನ ಹೋಯಿತು. ಆಮೇಲೆ ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಎಂಜಿನ್‌ಗೆ ಒತ್ತಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡ. ವೈದ್ಯರು ಎದೆಯ ಮೇಲೆ ಸ್ಟೆತಾಸ್ಕೋಪ್ ಸರಿಸುವಂತೆ ಮೇಲೆ, ಪಕ್ಕ, ಕೆಳಗೆ ಸರಿಸುತ್ತ ಹೋದ. ಬಳಿಕ ಒಂದೊಂದೇ ಸಿಲಿಂಡರ್‌ನ ಕಿಡಿಯನ್ನು ನಿಲ್ಲಿಸಿ ನೋಡಿದ. ಮೊದಲನೆಯದನ್ನು ನಿಲ್ಲಿಸಿದಾಗ ಎಂಜಿನ್ ನಡುಗಿತು, ಸದ್ದು ಬದಲಾಗಲಿಲ್ಲ. ಎರಡನೆಯದನ್ನು ನಿಲ್ಲಿಸಿದಾಗ ಟಕ್ ಟಕ್ ಬಹುತೇಕ ಅಡಗಿತು.

ನನ್ನ ಎದೆ ಧಸಕ್ಕೆಂದಿತು. ವರ್ಕ್‌ಶಾಪ್‌ನವರು ಹೇಳಿದ್ದೂ ಎರಡನೆಯದನ್ನೇ. "ಹಾಗಾದರೆ ಎಂಜಿನ್ ಬಿಚ್ಚಲೇಬೇಕೇನಪ್ಪ?" ಎಂದು ಕೇಳಿದೆ.

"ಇರಿ ಸಾರ್" ಎಂದವನೇ ಒಳಗಿಂದ ಒಂದು ಮೊಳ ಉದ್ದದ ರಬ್ಬರ್ ಪೈಪ್ ತಂದ. ಒಂದು ತುದಿ ಕಿವಿಗೆ, ಇನ್ನೊಂದು ತುದಿಯನ್ನು ಎಂಜಿನ್‌ಗೆ ತಾಗಿಸದೆ ಹತ್ತಿರದಲ್ಲೇ ಅತ್ತಿತ್ತ ಆಡಿಸಿದ. ಎಂಜಿನ್‌ನಿಂದ ಹೊಗೆಯನ್ನು ಹೊರಗೊಯ್ಯುವ ಮ್ಯಾನಿಫೋಲ್ಡ್ ಬಳಿ ಅವನ ಕೈ ನಿಂತಿತು. ಪೈಪನ್ನು ನನ್ನ ಕಿವಿಗೂ ಹಿಡಿದ. ಟಕ್ ಟಕ್ ಎಂಬ ಸದ್ದು ಕಿವಿಗೆ ಹೊಡೆದಂತೆ ಕೇಳಿಸಿತು. "ಸ್ಕ್ರೂಡ್ರೈವರ್‌ನಲ್ಲಿ ಎಲ್ಲೂ ಜೋರಾಗಿಲ್ಲ, ಪೈಪಲ್ಲಿ ಜೋರಾಗಿದೆ. ಇದು ಕಬ್ಬಿಣದ ಸದ್ದಲ್ಲ ಸಾರ್, ಗಾಳಿ ಸದ್ದು" ಎಂದ. ಟಾರ್ಚ್ ಹಾಕಿ ತೋರಿಸಿದ. ಮ್ಯಾನಿಫೋಲ್ಡ್ ಎಂಜಿನ್‌ಗೆ ಸೇರುವ ಕಡೆ, ಎರಡನೇ ಸಿಲಿಂಡರ್‌ನ ಬಾಯಿಯ ಪಕ್ಕ, ಬೆರಳಗಲದ ಮಸಿ ಕಲೆ. ಒಂದು ನಟ್ಟು ಸಡಿಲವಾಗಿ, ನಡುವಿನ ಗ್ಯಾಸ್ಕೆಟ್ ಸುಟ್ಟು, ಹೊಗೆ ಸಂದಿಯಿಂದ ಸಿಡಿಯುತ್ತಿತ್ತು.

ಆಮೇಲೆ ಅವನು ಬಿಡಿಸಿ ಹೇಳಿದ. ನಾಲ್ಕು ಸ್ಟ್ರೋಕಿನ ಎಂಜಿನ್‌ನಲ್ಲಿ ಕ್ರ್ಯಾಂಕು ಎರಡು ಸುತ್ತು ಸುತ್ತಿದಾಗ ಒಂದು ಸಿಲಿಂಡರ್ ಒಮ್ಮೆ ಉರಿಯುತ್ತದೆ. ನಿಂತ ಕಾರಿನ ಎಂಜಿನ್ ನಿಮಿಷಕ್ಕೆ 800 ಸುತ್ತು ಸುತ್ತಿದರೆ ಆ ಸಂದಿಯಿಂದ 400 ಬಾರಿ ಹೊಗೆ ಸಿಡಿಯುತ್ತದೆ. ಅದೇ ಟಕ್ ಟಕ್. ಆ ಸಿಲಿಂಡರ್‌ನ ಕಿಡಿ ನಿಲ್ಲಿಸಿದರೆ ಸಿಡಿಯುವ ರಭಸವಿಲ್ಲ, ಸದ್ದೂ ಇಲ್ಲ. ಬೇರಿಂಗ್ ಸವೆದಿದ್ದರೂ ಕಿಡಿ ನಿಲ್ಲಿಸಿದಾಗ ಹೊಡೆತ ತಪ್ಪಿ ಸದ್ದು ಕಡಿಮೆಯಾಗುತ್ತದೆ. ಹೀಗೆ ಒಂದೇ ಲಕ್ಷಣಕ್ಕೆ ಎರಡು ರೋಗ. ವ್ಯತ್ಯಾಸ ಇರುವುದು ಬಿಸಿಯಲ್ಲಿ. ಬಿಸಿಯಾದಾಗ ಲೋಹ ಹಿಗ್ಗಿ ಸಂದಿ ಕಿರಿದಾಗುತ್ತದೆ, ಹೊಗೆಯ ಸದ್ದು ತಗ್ಗುತ್ತದೆ. ಬೇರಿಂಗಿನದಾದರೆ ಬಿಸಿಯಾದಂತೆ ಆಯಿಲ್ ತೆಳುವಾಗಿ ಸದ್ದು ಏರುವುದೇ ಹೆಚ್ಚು. ಅವನ ಮೊದಲ ಪ್ರಶ್ನೆ 'ಬೆಳಿಗ್ಗೆ ಜಾಸ್ತಿನಾ' ಎಂಬುದಾಗಿದ್ದು ಯಾಕೆಂದು ನನಗೆ ಆಗ ಹೊಳೆಯಿತು. ಹಿಂದಿನ ದಿನದ 'ಗೊತ್ತಾಗಲ್ಲ' ಎಂಬ ಮಾತಿನ ಬೆಲೆಯೂ ಆಗಲೇ ತಿಳಿಯಿತು.

ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಬಿಟ್ಟು ಕಾದು, ಸ್ಟಡ್ಡು ಮುರಿಯದಂತೆ ಮೆಲ್ಲಗೆ ಬಿಚ್ಚಿ, ಹಳೆಯ ಗ್ಯಾಸ್ಕೆಟ್ ಹೆರೆದು ತೆಗೆದು, ಸ್ಟೀಲ್ ಸ್ಕೇಲ್ ಇಟ್ಟು ಮೇಲ್ಮೈ ಮಟ್ಟವಾಗಿದೆಯೇ ಎಂದು ನೋಡಿ, ಹೊಸದನ್ನು ಕೂರಿಸಿ, ನಡುವಿನಿಂದ ಶುರುಮಾಡಿ ಅಂಚಿನ ಕಡೆಗೆ ನಟ್ಟುಗಳನ್ನು ಬಿಗಿದ. ಮಧ್ಯಾಹ್ನದ ಹೊತ್ತಿಗೆ ಸದ್ದು ಹೋಗಿತ್ತು. ಗ್ಯಾಸ್ಕೆಟ್‌ಗೆ 240, ಎಲ್ಲ ಸೇರಿ 1,100 ರೂಪಾಯಿ ಕೇಳಿದ.

ಆಗ ನಾನು ಏನು ಹೇಳಿದೆ ಗೊತ್ತೇ? "ಒಂದು ಪ್ಯಾಕಿಂಗ್ ಬದಲಾಯಿಸೋಕ್ಕೆ ಇಷ್ಟೊಂದಾ? ಸಣ್ಣ ಕೆಲಸ ತಾನೆ?" ಎಂದೆ. 38 ಸಾವಿರದ ಕಾಗದ ಆಗಲೂ ನನ್ನ ಜೇಬಿನಲ್ಲೇ ಇತ್ತು.

ಅವನು ಸಿಟ್ಟಾಗಲಿಲ್ಲ. ಕೈ ಒರೆಸಿಕೊಳ್ಳುತ್ತ, "ಸಣ್ಣ ಕೆಲಸ ಅಂತ ಗೊತ್ತಾಗಿದ್ದು ಈಗ ಸಾರ್. ಗೊತ್ತಾಗೋಕ್ಕೆ ಮುಂಚೆ ದೊಡ್ಡದಾಗಿತ್ತಲ್ವಾ?" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಂಜಿನ್ ಬಿಚ್ಚಿ ಜೋಡಿಸಿದ್ರೆ ಹದಿನೈದು ಸಾವಿರ ಕೊಟ್ಟು ಕೈಮುಗಿದು ಹೋಗ್ತಾರೆ. ನಟ್ಟು ಬಿಗಿ ಮಾಡಿದ್ರೆ ಇನ್ನೂರು ಕೊಡೋಕ್ಕೂ ಮುಖ ಸಿಂಡರಿಸ್ತಾರೆ. ಹಂಗಿದ್ರೆ ಯಾರು ಸಾರ್ ನಟ್ಟು ಬಿಗಿ ಮಾಡ್ತಾರೆ?" ಎಂದ.

ಕೇಳಿದಷ್ಟು ಕೊಟ್ಟು ಬಂದೆ. ಆದರೆ ಆ ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ.

* * *

ಕಾರನ್ನು ಗ್ಯಾರೇಜಿನಲ್ಲಿ ಬಿಟ್ಟು ಬರುವಾಗ ನಾವು ಅಲ್ಲಿ ಬಿಟ್ಟುಬರುವುದು ಏನನ್ನು? ಕಾರನ್ನು ಎಂದು ಯಾರಾದರೂ ಹೇಳಬಹುದು. ಆದರೆ ಕಾರು ಕಳವಾದರೆ ತಿಳಿಯುತ್ತದೆ, ಗೀರು ಬಿದ್ದರೆ ಕಾಣುತ್ತದೆ. ಅದಕ್ಕೆ ರಸೀದಿಯೂ ಇದೆ, ಪೊಲೀಸ್ ಠಾಣೆಯೂ ಇದೆ. ಕಾರಿಗಿಂತ ಬೆಲೆಯುಳ್ಳ ಇನ್ನೊಂದನ್ನು ನಾವು ಅಲ್ಲಿ ಒಪ್ಪಿಸಿ ಬರುತ್ತೇವೆ. ಅದು ನಮ್ಮ ಗೊತ್ತಿಲ್ಲದಿರುವಿಕೆ. 'ನನಗೆ ಇದರಲ್ಲಿ ಏನೂ ತಿಳಿಯದು, ನೀನು ಹೇಳಿದ್ದನ್ನು ನಂಬುತ್ತೇನೆ' ಎಂದು ಬಾಯಿಬಿಟ್ಟು ಹೇಳದಿದ್ದರೂ ಕೈಗೆ ಕೊಟ್ಟಂತೆಯೇ. ಅದಕ್ಕೆ ರಸೀದಿಯಿಲ್ಲ. ಅದನ್ನು ಯಾರಾದರೂ ದುರುಪಯೋಗ ಮಾಡಿದರೆ ನಮಗೆ ಗೊತ್ತೇ ಆಗುವುದಿಲ್ಲ. ಮೋಸ ಹೋದವನು ಧನ್ಯವಾದ ಹೇಳಿ ಮನೆಗೆ ಹೋಗುತ್ತಾನೆ.

ಅಮಾನತುಗಳನ್ನು ಅವುಗಳ ಹಕ್ಕುದಾರರಿಗೆ ಒಪ್ಪಿಸಬೇಕೆಂದು ಕುರ್‌ಆನ್ ಆಜ್ಞಾಪಿಸುತ್ತದೆ. ಅಮಾನತು ಎಂದೊಡನೆ ನಮ್ಮ ನೆನಪಿಗೆ ಬರುವುದು ಹಣದ ಗಂಟು, ಒಡವೆ, ಜಮೀನಿನ ಪತ್ರ. ಇನ್ನೊಬ್ಬನ ಅರಿವಿಲ್ಲದಿರುವಿಕೆ ನಮ್ಮ ಕೈಗೆ ಬಂದಾಗ ಅದೂ ಅಮಾನತೇ ಎಂದು ನಾವು ಯೋಚಿಸುವುದು ಅಪರೂಪ. ಪ್ರವಾದಿ ಮುಹಮ್ಮದ್(ಸ) ಮದೀನಾದ ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ತೂರಿಸಿದ ಪ್ರಸಂಗ ನಮಗೆಲ್ಲ ತಿಳಿದದ್ದೇ. ಮೇಲೆ ಒಣಗಿತ್ತು, ಒಳಗೆ ಒದ್ದೆಯಿತ್ತು. ಮಳೆಯಿಂದ ಹಾಗಾಯಿತು ಎಂದು ವ್ಯಾಪಾರಿ ಸಮಜಾಯಿಷಿ ಕೊಟ್ಟ. ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂಬುದು ಪ್ರವಾದಿಯವರ ಪ್ರಶ್ನೆ. ಮಳೆ ಬಂದದ್ದು ವ್ಯಾಪಾರಿಯ ತಪ್ಪಲ್ಲ. ತನಗೆ ಗೊತ್ತಿದ್ದು ಗಿರಾಕಿಗೆ ಗೊತ್ತಿಲ್ಲದ್ದನ್ನು ಲಾಭಕ್ಕೆ ಬಳಸಿಕೊಂಡದ್ದು ತಪ್ಪು. ಇಂದಿನ ಬಾನೆಟ್ ಎಂಬುದೂ ಒಂದು ರಾಶಿಯೇ. ಮೇಲಿಂದ ನೋಡುವ ನಮಗೆ ಒಳಗಿನ ತೇವ ಕಾಣದು.

ಇಲ್ಲಿ ಒಂದು ಎಚ್ಚರ ಬೇಕು. ಆ ದೊಡ್ಡ ವರ್ಕ್‌ಶಾಪ್‌ನವರು ನನಗೆ ಮೋಸ ಮಾಡಹೊರಟಿದ್ದರೇ? ಹಾಗೆಂದು ನಾನು ಹೇಳಲಾರೆ. ಎರಡನೇ ಸಿಲಿಂಡರ್‌ನ ಕಿಡಿ ನಿಲ್ಲಿಸಿದಾಗ ಸದ್ದು ಅಡಗಿದ್ದನ್ನು ನೋಡಿ ಅಲ್ಲಿಗೇ ನಿಲ್ಲಿಸಿ ತೀರ್ಪು ಕೊಟ್ಟಿರಬಹುದು. ಅದು ಅವಸರ. ಅಥವಾ ಗೊತ್ತಿದ್ದೂ ಬಿಲ್ಲು ಬೆಳೆಸಿರಬಹುದು. ಅದು ವಂಚನೆ. ಹೊರಗೆ ನಿಂತ ನನಗೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ವ್ಯತ್ಯಾಸ ತಿಳಿದಿರುವುದು ಮಾಡಿದವನಿಗೆ ಮತ್ತು ಅಲ್ಲಾಹನಿಗೆ ಮಾತ್ರ. ಆದರೂ ಒಂದು ಮಾತು ಹೇಳಬಹುದು. ನಂಬಿ ಬಂದವನ ಮುಂದೆ ಅರೆಬರೆ ತಿಳಿದದ್ದನ್ನು ಪೂರ್ತಿ ತಿಳಿದವನಂತೆ ಹೇಳುವುದು ಬರಿಯ ತಪ್ಪೆಣಿಕೆಯಾಗಿ ಉಳಿಯುವುದಿಲ್ಲ. ಇಮಾಮ್ ಮಾಲಿಕ್‌ರು ದೂರದಿಂದ ಬಂದವನ ಬಹುಪಾಲು ಪ್ರಶ್ನೆಗಳಿಗೆ 'ನನಗೆ ಗೊತ್ತಿಲ್ಲ' ಎಂದೇ ಉತ್ತರಿಸಿದರೆಂದು ಅವರ ಚರಿತ್ರೆ ಹೇಳುವವರು ಅಭಿಮಾನದಿಂದ ನೆನೆಯುತ್ತಾರೆ. ಬಾಗಲಗುಂಟೆಯ ಶೆಡ್ಡಿನಲ್ಲಿ 'ಈಗ ಗೊತ್ತಾಗಲ್ಲ ಸಾರ್' ಎಂದವನ ಮಾತನ್ನು ನಾನು ಅಸಮರ್ಥತೆ ಎಂದುಕೊಂಡಿದ್ದೆ. ಅದು ಪ್ರಾಮಾಣಿಕತೆಯ ಮೊದಲ ಮೆಟ್ಟಿಲಾಗಿತ್ತು.

ಈ ಸಮಸ್ಯೆ ಹೊಸದಲ್ಲ. ಹಿಂದಿನ ಮುಸ್ಲಿಮ್ ನಗರಗಳಲ್ಲಿ ಸಂತೆಯ ಮೇಲ್ವಿಚಾರಣೆಗೆ 'ಮುಹ್ತಸಿಬ್' ಎಂಬ ಅಧಿಕಾರಿ ಇರುತ್ತಿದ್ದ. ತೂಕ, ಅಳತೆ, ಕಲಬೆರಕೆ ಎಲ್ಲವನ್ನೂ ನೋಡುವುದು ಅವನ ಹೊಣೆ. ಹನ್ನೆರಡನೇ ಶತಮಾನದಲ್ಲಿ ಸಿರಿಯಾದ ಅಶ್ಶೈಝರೀ ಈ ಅಧಿಕಾರಿಗಳಿಗಾಗಿಯೇ ಒಂದು ಕೈಪಿಡಿ ಬರೆದ. ಒಬ್ಬ ಅಧಿಕಾರಿಗೆ ಎಲ್ಲ ಕಸುಬುಗಳ ಒಳಗುಟ್ಟು ತಿಳಿಯುವುದು ಸಾಧ್ಯವಿಲ್ಲ. ಆದ್ದರಿಂದ ಪ್ರತಿಯೊಂದು ಕಸುಬಿನಿಂದಲೂ ಆ ಕೆಲಸ ಬಲ್ಲ, ಅದರ ಮೋಸಗಳನ್ನೂ ಬಲ್ಲ, ನಂಬಿಗಸ್ತನಾದ ಒಬ್ಬನನ್ನು 'ಆರಿಫ್' ಆಗಿ ನೇಮಿಸಿಕೊಳ್ಳಬೇಕು ಎಂಬ ಸಲಹೆ ಅದರಲ್ಲಿದೆ. ಕಸುಬಿನ ಕಳ್ಳತನ ಕಸುಬಿನವನಿಗೇ ಗೊತ್ತು ಎಂಬ ಸತ್ಯವನ್ನು ಅವರು ಅಂದೇ ಒಪ್ಪಿಕೊಂಡಿದ್ದರು. ನಮ್ಮಲ್ಲಿ ಈಗ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ, ಜಿಲ್ಲಾ ಆಯೋಗಗಳಿವೆ. ಇವು ಬೇಕು. ಆದರೆ ತನಗೆ ಅನ್ಯಾಯವಾಗಿದೆ ಎಂದು ತಿಳಿದವನು ಮಾತ್ರ ಅಲ್ಲಿಗೆ ಹೋಗಬಲ್ಲ. ಗೊತ್ತೇ ಆಗದ ಅನ್ಯಾಯಕ್ಕೆ ಅರ್ಜಿ ಬರೆಯುವವರು ಯಾರು?

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಒಂದು ಲೇಖನ ಬರೆದರು. ಅದರ ಮುಖ್ಯ ಉದಾಹರಣೆಯೇ ಹಳೆಯ ಕಾರುಗಳ ಮಾರುಕಟ್ಟೆ. ಮಾರುವವನಿಗೆ ಕಾರಿನ ಗುಣದೋಷ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲ ಕಾರುಗಳನ್ನೂ ಅನುಮಾನದಿಂದ ನೋಡಿ ಎಲ್ಲಕ್ಕೂ ಕಡಿಮೆ ಬೆಲೆ ಕಟ್ಟುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲಾರ, ಸಂತೆ ಬಿಟ್ಟು ಹೋಗುತ್ತಾನೆ. ಕೊನೆಗೆ ಉಳಿಯುವುದು ಕೆಟ್ಟ ಕಾರುಗಳೇ. ಈ ಬಗೆಯ ಅಧ್ಯಯನಕ್ಕಾಗಿ ಅವರಿಗೆ 2001ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಪುರಸ್ಕಾರ ಬಂತು. ಅಕರ್ಲಾಫ್ ಗಣಿತದ ಭಾಷೆಯಲ್ಲಿ ಹೇಳಿದ್ದನ್ನು ಬಾಗಲಗುಂಟೆಯ ಮೆಕ್ಯಾನಿಕ್ ಒಂದೇ ಮಾತಿನಲ್ಲಿ ಕೇಳಿದ್ದ: "ಹಂಗಿದ್ರೆ ಯಾರು ಸಾರ್ ನಟ್ಟು ಬಿಗಿ ಮಾಡ್ತಾರೆ?"

ಈ ಪ್ರಶ್ನೆ ಮೆಕ್ಯಾನಿಕ್‌ಗಳ ಬಗ್ಗೆ ಅಲ್ಲ, ನಮ್ಮ ಬಗ್ಗೆ. ನಾವು ಬಿಡಿಭಾಗಕ್ಕೆ ಹಣ ಕೊಡುತ್ತೇವೆ, ಬೆವರಿಗೂ ಅಷ್ಟಿಷ್ಟು ಕೊಡುತ್ತೇವೆ. ಅರಿವಿಗೆ ಕೊಡುವುದಿಲ್ಲ. ಅದರಲ್ಲೂ ಆ ಅರಿವು ಎಣ್ಣೆ ಮೆತ್ತಿದ ಬಟ್ಟೆ ತೊಟ್ಟು ತಗಡಿನ ಶೆಡ್ಡಿನಲ್ಲಿ ನಿಂತಿದ್ದರೆ ಅದು ಅರಿವೆಂದೇ ನಮಗೆ ಕಾಣುವುದಿಲ್ಲ. ಸೋಫಾ ಹಾಕಿದ ಕಡೆ ಮರುಮಾತಿಲ್ಲದೆ ಕಾರ್ಡ್ ಉಜ್ಜುವ ಕೈ, ಶೆಡ್ಡಿನಲ್ಲಿ ಚೌಕಾಸಿಗೆ ಇಳಿಯುತ್ತದೆ. ಸತ್ಯ ಹೇಳಿ ಸಣ್ಣ ಬಿಲ್ಲು ಮಾಡಿದವನಿಗೆ ದಂಡ, ಹೆದರಿಸಿ ದೊಡ್ಡ ಬಿಲ್ಲು ಮಾಡಿದವನಿಗೆ ಬಹುಮಾನ. ಹೀಗೆ ವರ್ಷಗಟ್ಟಲೆ ನಡೆಸಿಕೊಂಡು ಬಂದು, ಆಮೇಲೆ 'ಈ ಕಾಲದಲ್ಲಿ ಯಾರನ್ನೂ ನಂಬುವ ಹಾಗಿಲ್ಲ' ಎಂದು ನಿಟ್ಟುಸಿರು ಬಿಡುತ್ತೇವೆ.

ಕುರ್‌ಆನಿನ 83ನೇ ಅಧ್ಯಾಯದ ಹೆಸರು 'ಅಲ್ ಮುತಫ್ಫಿಫೀನ್', ಅಳತೆಯಲ್ಲಿ ಮೋಸ ಮಾಡುವವರು ಎಂದರ್ಥ. ಅದರ ಎಚ್ಚರಿಕೆ ಇರುವುದು ಇತರರಿಂದ ಪಡೆಯುವಾಗ ಪೂರ್ತಿ ಅಳೆದುಕೊಂಡು, ಕೊಡುವಾಗ ಕಡಿಮೆ ಮಾಡುವವರಿಗೆ. ನಾನು ಈ ಅಧ್ಯಾಯವನ್ನು ಓದುವಾಗಲೆಲ್ಲ ಕಣ್ಣ ಮುಂದೆ ಬರುತ್ತಿದ್ದುದು ತಕ್ಕಡಿ ಹಿಡಿದ ಅಂಗಡಿಯವನು. ಅಂಗಡಿಯ ಈಚೆ ನಿಂತ ಗಿರಾಕಿಯ ಕೈಯಲ್ಲೂ ಒಂದು ತಕ್ಕಡಿ ಇರುತ್ತದೆ ಎಂದು ಹೊಳೆದಿರಲಿಲ್ಲ. ಮೆಕ್ಯಾನಿಕ್‌ನಿಂದ ಪೂರ್ತಿ ಶ್ರದ್ಧೆ, ಪೂರ್ತಿ ಸತ್ಯ, ಪೂರ್ತಿ ಸಮಯ ಬೇಕು. ಕೊಡುವಾಗ 'ಸಣ್ಣ ಕೆಲಸ ತಾನೆ'. ಆ ದಿನ ತಕ್ಕಡಿ ಜಗ್ಗಿದವನು ನಾನೇ.

ಇದು ಯಾವುದೇ ಒಂದು ಸಮುದಾಯದ ಮಾತಲ್ಲ. ಆದರೂ ನಮ್ಮ ಓದುಗರಿಗೆ ಇದು ಹತ್ತಿರದ ವಿಷಯ. ಮುಸ್ಲಿಮರಲ್ಲಿ ಹೆಚ್ಚಿನವರು ಸ್ವಂತ ದುಡಿಮೆಯಿಂದ, ಅದರಲ್ಲೂ ಸಣ್ಣ ವ್ಯಾಪಾರ, ಕುಶಲ ಕೆಲಸ, ವಾಹನ ದುರಸ್ತಿಯಂಥ ಕಸುಬುಗಳಿಂದ ಬದುಕುತ್ತಿರುವುದನ್ನು 2006ರ ಸಾಚಾರ್ ಸಮಿತಿ ವರದಿ ಗುರುತಿಸಿತ್ತು. ಇಂಥ ಕಸುಬುಗಳಲ್ಲಿ ಪ್ರಮಾಣಪತ್ರ ಇಲ್ಲ, ಬಾಯಿಂದ ಬಾಯಿಗೆ ಹರಡುವ ಹೆಸರೇ ಬಂಡವಾಳ. ಒಬ್ಬನ ಒಂದು ಸುಳ್ಳು ಬಿಲ್ಲು ಅವನೊಬ್ಬನ ಹೆಸರನ್ನಷ್ಟೇ ಕೆಡಿಸುವುದಿಲ್ಲ. ಹಾಗೆಯೇ ಒಳ್ಳೆಯ ಹೆಸರೂ ಒಬ್ಬನಲ್ಲೇ ಉಳಿಯುವುದಿಲ್ಲ. ಶಿವಾಜಿನಗರದ ಒಬ್ಬ ಉಸ್ತಾದರ ಕಿವಿ ಮತ್ತು ನಿಯತ್ತು ಇಂದು ಬಾಗಲಗುಂಟೆಯ ಶೆಡ್ಡಿನಲ್ಲಿ, ಸಿದ್ಧಗಂಗೆಯ ಭಕ್ತನೊಬ್ಬನ ಕೈಯಲ್ಲಿ ಬದುಕಿದೆ. ಆ ಭಕ್ತನ ಕಡೆಯಿಂದ ನೋಡಿದರೂ ಪಾಠ ಅದೇ. ಆಯ್ದಕ್ಕಿ ಮಾರಯ್ಯ ದಿನಕ್ಕೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ಕತೆ ಕನ್ನಡಿಗರಿಗೆ ಹೊಸದಲ್ಲ. ಕಾಯಕಕ್ಕೂ ಹಲಾಲಿಗೂ ನಡುವೆ ದೂರ ಬಹಳವಿಲ್ಲ.

ಕಲಿತವರು ಇದರಿಂದ ಹೊರಗೆಂದು ತಿಳಿಯಬೇಕಾಗಿಲ್ಲ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ ಹೊಗೆ ತಪಾಸಣೆಯ ವೇಳೆ ಮಾತ್ರ ಎಂಜಿನ್ ಶುದ್ಧವಾಗಿ ನಡೆಯುವಂತೆ ಕಾರುಗಳಲ್ಲಿ ತಂತ್ರಾಂಶ ಅಳವಡಿಸಿದ್ದು 2015ರಲ್ಲಿ ಬಯಲಾಯಿತು. ಜಗತ್ತಿನಾದ್ಯಂತ ಅಂಥ ಕಾರುಗಳು ಸುಮಾರು 1.1 ಕೋಟಿ. ಅದನ್ನು ಮಾಡಿದವರು ದೊಡ್ಡ ಪದವಿಗಳಿದ್ದ ಎಂಜಿನಿಯರುಗಳು. ಯಂತ್ರಕ್ಕೇ ಸುಳ್ಳು ಹೇಳಲು ಕಲಿಸಿದ್ದರು. ಕಾರುಗಳು ಕಂಪ್ಯೂಟರುಗಳಾಗುತ್ತಿರುವಂತೆ ಬಲ್ಲವನಿಗೂ ಅರಿಯದವನಿಗೂ ನಡುವಿನ ಅಂತರ ಇನ್ನಷ್ಟು ಹಿಗ್ಗುತ್ತಿದೆ. ನಾಳೆಯ ವಿದ್ಯುತ್ ಕಾರಿನಲ್ಲಿ ಟಕ್ ಟಕ್ ಸದ್ದೂ ಇರಲಾರದು. ಪರದೆಯ ಮೇಲೊಂದು ಸಂಖ್ಯೆ ಬರುತ್ತದೆ, ಅದರ ಅರ್ಥ ಹೇಳುವವನು ಹೇಳಿದ್ದೇ ಸತ್ಯ.

ಇಷ್ಟಕ್ಕೂ ನಾವೆಲ್ಲ ಒಂದಲ್ಲ ಒಂದು ಕಡೆ ಬಾನೆಟ್ ಎತ್ತಿ ನಿಂತವರೇ. ವೈದ್ಯರ ಮುಂದೆ ರೋಗಿ, ವಕೀಲರ ಮುಂದೆ ಕಕ್ಷಿದಾರ, ಮೇಷ್ಟರ ಮುಂದೆ ಮಗುವಿನ ತಂದೆತಾಯಿ, ಮೌಲವಿಗಳ ಮುಂದೆ ಮಸಲೆ ಕೇಳಲು ಬಂದವನು, ಪತ್ರಿಕೆಯ ಮುಂದೆ ಓದುಗ. ಪ್ರತಿಯೊಬ್ಬನೂ 'ನನಗೆ ಗೊತ್ತಿಲ್ಲ' ಎಂಬ ಗಂಟನ್ನು ನಮ್ಮ ಮಡಿಲಲ್ಲಿಟ್ಟು ಹೋಗುತ್ತಾನೆ. ಅದನ್ನು ಇದ್ದ ಹಾಗೆ, ಬಿಡಿಸಿ ತೋರಿಸಿ, ಹಿಂದಿರುಗಿಸುತ್ತೇವೆಯೇ? ಆ ಮೆಕ್ಯಾನಿಕ್ ರಬ್ಬರ್ ಪೈಪನ್ನು ನನ್ನ ಕಿವಿಗೂ ಹಿಡಿದಿದ್ದ. ಹಿಡಿಯದಿದ್ದರೂ ಅವನ ಕೆಲಸ ಆಗುತ್ತಿತ್ತು. ಹಿಡಿದದ್ದರಿಂದ ನನ್ನ ಅಮಾನತು ನನಗೆ ತಲುಪಿತು.

ಮೊನ್ನೆ ಬ್ರೇಕಿನಲ್ಲಿ ಕಿರ್ರೆನ್ನುವ ಸದ್ದು ಬಂತೆಂದು ಮತ್ತೆ ಬಾಗಲಗುಂಟೆಗೆ ಹೋಗಿದ್ದೆ. ಚಕ್ರ ಬಿಚ್ಚಿ ನೋಡಿ, ಧೂಳು ಒರೆಸಿ, "ಪ್ಯಾಡ್ ಇನ್ನೂ ಚೆನ್ನಾಗಿದೆ ಸಾರ್, ಏನೂ ಬದಲಾಯಿಸೋದು ಬೇಡ" ಎಂದ. ಎಷ್ಟು ಕೊಡಲಿ ಎಂದು ಕೇಳಿದೆ. "ಏನೂ ಹಾಕಿಲ್ವಲ್ಲ ಸಾರ್" ಎಂದ.

"ನೋಡಿದೆಯಲ್ಲಪ್ಪ, ಅದಕ್ಕೆ" ಎಂದು ಮುನ್ನೂರು ರೂಪಾಯಿ ಕೊಟ್ಟೆ. ಒಂದು ಕ್ಷಣ ನನ್ನ ಮುಖ ನೋಡಿ, ತೆಗೆದುಕೊಂಡ.